ಟವೆಲ್ಲಿನ ಕೆಳಗೆ ಜರ್ಮನಿ

ಮೊನ್ನೆ ಶನಿವಾರ ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ ಬಡಾವಣೆಯಲ್ಲಿ ಒಂದು ಗೃಹಪ್ರವೇಶದ ಅಡಿಗೆ ಇತ್ತು. ಎಂಬತ್ತು ಎಲೆ. ಸಾರಿನ ಪಾತ್ರೆ ಇಳಿಸುವಾಗ ಕೈಗೆ ಬೇರೇನೂ ಸಿಗದೆ ಹೆಗಲ ಮೇಲಿನ ಟವೆಲ್ಲನ್ನೇ ಮಡಚಿ ಹಿಡಿದೆ. ಬಿಸಿ ತಾಗಿದ್ದೇ ತಡ, ಟವೆಲ್ಲಿನಿಂದ ಹಳೇ ಇಂಗಿನ ವಾಸನೆ ಎದ್ದಿತು. ಎಷ್ಟು ಸಲ ಒಗೆದರೂ ಆ ವಾಸನೆ ಹೋಗಿಲ್ಲ. ಮನೆಯವರ ಮಗಳು, ಇಲ್ಲೇ ಹುಟ್ಟಿದವಳು, ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದಳು. ಅವಳಮ್ಮ ಗದರಿದರು. ನನಗೆ ಮಾತ್ರ ನಗು ಬಂತು. ಪೊಮೊನಾದಲ್ಲಿ ಒಂದು ದಿನ ಇದೇ ಟವೆಲ್ಲಿಗೆ ಫ್ರಾನ್ಸ್ ದೇಶವೂ ಹೀಗೇ ಮೂಗು ಮುಚ್ಚಿಕೊಂಡಿತ್ತು.

ಅದು ೨೦೨೩ರ ಮಾತು. ಆಗ ನಾನು ಲಾಸ್ ಏಂಜಲೀಸ್‌ನ ಒಂದು ಹೋಟೆಲಿನಲ್ಲಿ ಅಡಿಗೆಗಿದ್ದೆ. ಅಲ್ಲಿ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ, ಅದಕ್ಕೆ ಪೊಮೊನಾದಲ್ಲಿ ಓದುವವರ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಮನೆಯಲ್ಲಿ ಮೂರೇ ಜನ. ತುಮಕೂರಿನ ಶ್ರೇಯಕ್ಕ, ಮಂಗಳೂರಿನ ನಿಖಿಲ್, ಮತ್ತೆ ರಾಣೆಬೆನ್ನೂರು ಕಡೆಯ ನಾನು. ನಿಖಿಲ್ ಕಂಪ್ಯೂಟರ್ ಓದುತ್ತಿದ್ದ. ಶ್ರೇಯಕ್ಕ ಓದುತ್ತಿದ್ದದ್ದು ಇತಿಹಾಸ. ಅಮೆರಿಕದವರೆಗೂ ಬಂದು ಇತಿಹಾಸ ಓದುವವರು ಇರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಪ್ಪ ದನದ ದಲ್ಲಾಳಿ. ಅವನ ಹಿಂದೆ ಸಂತೆ ಸಂತೆ ತಿರುಗಿ, ಆಮೇಲೆ ಹುಬ್ಬಳ್ಳಿಯ ಖಾನಾವಳಿಯಲ್ಲಿ ಸೌಟು ಹಿಡಿದು, ಅಲ್ಲಿಂದ ಒಬ್ಬ ಮಾಲೀಕರ ಕೈಹಿಡಿದು ಇಲ್ಲಿಗೆ ಬಂದೆ. ನನ್ನ ಕಥೆ ಅಷ್ಟೇ.

ಆ ವರ್ಷ ಮಳೆ ಬಿಡಲೇ ಇಲ್ಲ. ಇಲ್ಲಿ ಮಳೆ ಅಂದರೆ ಎರಡು ದಿನ ಸುರಿದು ಮಾಯವಾಗುವುದು, ಆ ವರ್ಷ ಹಾಗಾಗಲಿಲ್ಲ. ಫೆಬ್ರವರಿಯಲ್ಲಿ ಉತ್ತರದ ಬೆಟ್ಟಗಳು ಬುಡದವರೆಗೂ ಬೆಳ್ಳಗಾದವು. ಏಪ್ರಿಲ್ ಹೊತ್ತಿಗೆ ಫ್ರೀವೇ ಪಕ್ಕದ ಗುಡ್ಡಗಳೆಲ್ಲ ಸಾಸಿವೆ ಹೂವಿನಿಂದ ಹಳದಿ. ಒಗ್ಗರಣೆಗೆ ಹಾಕುವ ಸಾಸಿವೆ ತಾನಾಗೇ ಇಷ್ಟು ಬೆಳೆದರೂ ಒಬ್ಬರೂ ಕೀಳುವುದಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತಿತ್ತು. ಮನೆಯ ಹಿತ್ತಲಲ್ಲಿ ಒಂದು ಕಿತ್ತಳೆ ಗಿಡ. ಅದರಡಿ ಒಂದು ಹಳೇ ಮೇಜು. ಸೋಮವಾರ ಹೋಟೆಲಿಗೆ ರಜೆ. ಬೆಳಿಗ್ಗೆ ಆ ಮೇಜಿನ ಮೇಲೆ ವಾರದ ತರಕಾರಿ ಹೆಚ್ಚಿ ಇಡುತ್ತಿದ್ದೆ. ಶ್ರೇಯಕ್ಕ ಎದುರಿಗೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಮಧ್ಯಾಹ್ನ ಅವಳಿಗೆ ಕ್ಲಾಸು.

ಓದುವ ಕ್ಲಾಸಲ್ಲ, ಪಾಠ ಮಾಡುವ ಕ್ಲಾಸು. ಅವಳ ಪ್ರೊಫೆಸರಮ್ಮ ಒಂದು ಗುಂಪು ಹುಡುಗರನ್ನು ಅವಳ ಕೈಗೆ ಕೊಟ್ಟಿದ್ದರು. ಅದಕ್ಕೆ ಬದಲಾಗಿ ಅವಳ ಫೀಸು ಮಾಫಿ. ಆದರೆ ಹಿಂದಿನ ಸಲ ಆ ಕ್ಲಾಸು ಕೆಟ್ಟಿತ್ತು. ಹುಡುಗರೆಲ್ಲ ಒಂದೊಂದು ದೇಶದವರಾಗಿ ಕೂತು, ಮಾತಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಸಹಿ ಆಗಲಿಲ್ಲ, ಜಗಳ ಆಯಿತು. ಇಬ್ಬರು ಕಂಪ್ಲೇಂಟ್ ಕೊಟ್ಟರು. ಈ ಸಲವೂ ಹಾಗೇ ಆದರೆ ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಅಂತ ಪ್ರೊಫೆಸರಮ್ಮ ಹೇಳಿಬಿಟ್ಟಿದ್ದರು. ಕೆಲಸ ಹೋದರೆ ಫೀಸಿಗೆ ದಾರಿ ಇಲ್ಲ. ಅರ್ಧ ಓದಿ ತುಮಕೂರಿಗೆ ವಾಪಸ್.

"ಯಾವ್ ಒಪ್ಪಂದ ಅಕ್ಕಾರ ಅದು?" ಅಂತ ಒಂದು ಸೋಮವಾರ ಕೇಳಿದೆ.

"ಮೊದಲ ಮಹಾಯುದ್ಧ ಗೊತ್ತಾ ಈರಣ್ಣ?"

"ಹೆಸರು ಕೇಳೀನ್ರಿ."

"ಅದ್ರಲ್ಲಿ ಜರ್ಮನಿ ಸೋತಿತು. ಗೆದ್ದೋರು, 'ನೀನು ಹಾಳು ಮಾಡಿದ್ದಕ್ಕೆಲ್ಲ ದುಡ್ಡು ಕಟ್ಟು' ಅಂದ್ರು. ಕಟ್ಟೋಕಾಗದಷ್ಟು ದುಡ್ಡು. ಜರ್ಮನಿ ಬಾಕಿ ಉಳಿಸ್ಕೊಂಡಿತು. ಫ್ರಾನ್ಸ್‌ನೋರು ಸಿಟ್ಟಾಗಿ ಸೈನ್ಯ ಕಳಿಸಿ ಅವರ ಕಲ್ಲಿದ್ದಲು ಇರೋ ಜಾಗನೇ ಹಿಡ್ಕೊಂಡ್ರು. ಜರ್ಮನಿ ನೋಟು ರದ್ದಿ ಕಾಗದ ಆಯ್ತು. ಆಮೇಲೆ ಅಮೆರಿಕದೋರು ಸಾಲ ಕೊಟ್ಟು, ಕಂತು ಮಾಡ್ಕೊಟ್ರು. ಆ ಸಾಲದಲ್ಲಿ ಜರ್ಮನಿ ಫ್ರಾನ್ಸ್‌ಗೆ ಕಟ್ಟೋದು, ಫ್ರಾನ್ಸ್ ತನ್ನ ಹಳೇ ಸಾಲ ಅಮೆರಿಕಕ್ಕೆ ಕಟ್ಟೋದು."

ನಾನು ಬೀನ್ಸ್ ಹೆಚ್ಚುವುದು ನಿಲ್ಲಿಸಿದೆ. "ಅಂದ್ರ ಅದ ರೊಕ್ಕ ತಿರಗಿ ಮುರಗಿ ಅಮೆರಿಕಕ್ಕ ಬರ್ತಿತ್ತು. ಗಾಣದ ಎತ್ತು ಸುತ್ತಿದಂಗ. ಇದರಾಗ ಯಾರಿಗೆ ಏನ್ ಸಿಕ್ತು?"

"ಇದೇ ಪ್ರಶ್ನೆ ಕೇಳೋಕೆ ನನ್ನ ಸ್ಟೂಡೆಂಟ್ಸ್‌ಗೆ ಆರು ವಾರ ಬೇಕಾಯ್ತು," ಅಂತ ನಕ್ಕಳು. "ಅದಕ್ಕೇ ೧೯೨೯ರಲ್ಲಿ ಎಲ್ಲಾ ದೇಶದ ಬ್ಯಾಂಕಿನೋರು ಪ್ಯಾರಿಸ್‌ನಲ್ಲಿ ಕೂತ್ರು, ಇದನ್ನ ಒಂದ್ಸಲ ಮುಗಿಸೋಣ ಅಂತ. ತಿಂಗಳುಗಟ್ಟಲೆ ಕೂತ್ರು. ನಮ್ಮ ಕ್ಲಾಸಲ್ಲಿ ಆಡೋದು ಆ ಸಭೆನೇ."

ಆ ವಾರದಿಂದ ನಮ್ಮ ಹಿತ್ತಲೂ ಪ್ಯಾರಿಸ್ ಆಯಿತು. ಕ್ಲಾಸಿನಲ್ಲಿ ಹುಡುಗರು ಏನೇನು ಅನ್ನಬಹುದು ಅಂತ ಅವಳಿಗೆ ಮೊದಲೇ ತಿಳಿಯಬೇಕಿತ್ತು, ಅದಕ್ಕೆ ನಮ್ಮನ್ನು ಕೂರಿಸಿ ನೋಡುತ್ತಿದ್ದಳು. ನಿಖಿಲ್ ಫ್ರಾನ್ಸ್. ನಾನು ಜರ್ಮನಿ. ಕ್ಲಾಸಿನಲ್ಲಿ ವರ್ಷದ ಕಂತನ್ನು ಐದು ಪಾಲು ಮಾಡಿದ್ದರಂತೆ, ಅದರಲ್ಲಿ ಎಷ್ಟು ಪಾಲು ಕಟ್ಟಬೇಕು ಅನ್ನುವುದೇ ಜಗಳ.

"ನಾನ್ಯಾಕ್ರಿ ಸೋತಾಂವ ಆಗ್ಬೇಕು?" ಅಂದೆ.

"ನೀವು ಮೊನ್ನೆ ಕೇರಂನಲ್ಲಿ ಸೋತದ್ದಲ್ವಾ ಮಾರಾಯ್ರೆ," ಅಂದ ನಿಖಿಲ್. "ಐದು ಪಾಲಿನಲ್ಲಿ ಒಂದೂ ಬಿಡುದಿಲ್ಲ ನಾನು. ನಮ್ಮ ಊರೆಲ್ಲ ಸುಟ್ಟು ಹಾಕಿದ್ದೀರಿ. ತೆಗೀರಿ ದುಡ್ಡು."

"ಇಲ್ಲೋ ತಮ್ಮಾ. ಮನ್ಯಾಗ ಹಿಟ್ಟಿಲ್ಲ."

"ಹಿಟ್ಟು ಇಲ್ಲದಿದ್ರೆ ಎಂತಕ್ಕೆ ಯುದ್ಧಕ್ಕೆ ಹೊರಟದ್ದು?"

"ಹೊಂಟಾಂವ ನಮ್ಮ ರಾಜ. ಆಂವ ಓಡಿ ಹೋದ. ನಾ ಅಡಗಿ ಮಾಡಾಂವ."

ಶ್ರೇಯಕ್ಕ ನಗುತ್ತಲೇ ಬರೆದುಕೊಂಡಳು. ಆದರೆ ಆಟ ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ನಿಖಿಲ್ ಐದು ಅಂದವನು ಐದೇ, ನಾನು ಎರಡು ಅಂದವನು ಎರಡೇ. ಏಪ್ರಿಲ್ ಮುಗಿಯುವ ಹೊತ್ತಿಗೆ ಅವಳ ಕ್ಲಾಸೂ ಅಲ್ಲೇ ನಿಂತಿತ್ತು. ಉಳಿದದ್ದು ಒಂದೇ ಸೋಮವಾರ.

"ಯಾಕೆ ಇಳಿಯಲ್ಲ ಇವರು?" ಅಂತ ಅವಳು ಪೆನ್ನು ಬಿಸಾಕಿದಳು. ಅವತ್ತು ನಗು ಇರಲಿಲ್ಲ. ಕಣ್ಣು ಕೆಂಪಾಗಿತ್ತು. "ಫ್ರಾನ್ಸ್ ಹುಡುಗಿಗೆ ನಾಲ್ಕು ಸಾಕು ಅಂತ ಅವಳೇ ನನಗೆ ಇಮೇಲ್ ಮಾಡಿದಾಳೆ. ಎಲ್ಲರೆದುರಿಗೆ ಮಾತ್ರ ಐದು ಅಂತಾಳೆ. ಆ ಜರ್ಮನಿ ಹುಡುಗನೂ ಹಾಗೇ. ಪ್ಯಾರಿಸ್‌ನಲ್ಲೂ ಹೀಗೇ ಆಗಿದ್ದು. ಫ್ರಾನ್ಸ್‌ನೋರು ಕಡಿಮೆ ಅಂದ್ರೆ ಅವರ ಊರಲ್ಲಿ ಜನ ಉಗೀತಾರೆ, ಜರ್ಮನಿಯೋರು ಜಾಸ್ತಿ ಅಂದ್ರೆ ಇವರ ಊರಲ್ಲಿ ಉಗೀತಾರೆ."

"ಬಾಯಿಲೆ ಹೇಳಿದ ಮ್ಯಾಲ ಯಾರ್ ಇಳೀತಾರ್ರಿ ಅಕ್ಕಾರ?" ಅಂದೆ. "ನಮ್ಮ ಸಂತ್ಯಾಗ ಎತ್ತಿನ ರೇಟು ಬಾಯಿಲೆ ಹೇಳಿದ್ರ ಒಂದೂ ಎತ್ತು ಮಾರಾಟ ಆಗಂಗಿಲ್ಲ. ಬೆರಳಿಲೆ ಹೇಳಿಸ್ರಿ. ಟವೆಲ್ ಹೊಚ್ಚಿ."

ಅವಳಿಗೆ ತಿಳಿಯಲಿಲ್ಲ. ನಾನು ಹೆಗಲ ಮೇಲಿನ ಟವೆಲ್ ತೆಗೆದು ನಿಖಿಲನ ಕೈ ಮೇಲೆ ಹಾಕಿ, ಅಡಿಯಲ್ಲಿ ಅವನ ಮೂರು ಬೆರಳು ಹಿಡಿದೆ. ಒಂದು ಬೆರಳು ಅಂದರೆ ಎಷ್ಟು ಅಂತ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿರುತ್ತಾರೆ. ಆಮೇಲೆ ಎಲ್ಲ ಟವೆಲ್ಲಿನೊಳಗೆ. ಸುತ್ತ ನೂರು ಜನ ನಿಂತಿರಲಿ, ಯಾರು ಎಷ್ಟು ಕೇಳಿದರು, ಯಾರು ಎಷ್ಟು ಇಳಿದರು ಅಂತ ಯಾರಿಗೂ ಕಾಣುವುದಿಲ್ಲ. ಕಾಣದಿದ್ದರೆ ಮಾನ ಹೋಗುವುದಿಲ್ಲ. ಆ ಟವೆಲ್ ಅಪ್ಪನದೇ. ಬಿಳಿ ಬಟ್ಟೆ, ಕೆಂಪು ಅಂಚು. ನಾನು ಹೊರಡುವ ದಿನ ಅಪ್ಪ ಅದನ್ನು ಕೊಟ್ಟದ್ದು ದಲ್ಲಾಳಿತನಕ್ಕಲ್ಲ, ಬೆವರು ಒರೆಸಿಕೊಳ್ಳಲಿ ಅಂತ.

ಶ್ರೇಯಕ್ಕ ಟವೆಲ್ಲನ್ನು ಎತ್ತಿ ತನ್ನ ಕೈ ಮೇಲೂ ಹಾಕಿ ನೋಡಿದಳು. "ಸೋಮವಾರ ಬಾ," ಅಂದಳು. "ಚಿತ್ರಾನ್ನಾನೂ ತಗೊಂಡ್ ಬಾ. ಮೂರು ಗಂಟೆ ಹೊತ್ತು ನಡೆಯೋ ಕ್ಲಾಸು, ಹಸಿದ್ರೆ ಇನ್ನೂ ಜಗಳ ಆಡ್ತಾರೆ."

ಕೊನೆಯ ಸೋಮವಾರ ಮಳೆ ಇರಲಿಲ್ಲ. ನಿಖಿಲ್ ತನ್ನ ಕಾರಿನಲ್ಲಿ ನನ್ನನ್ನೂ ಎರಡು ದೊಡ್ಡ ಟ್ರೇ ಚಿತ್ರಾನ್ನವನ್ನೂ ಕಾಲೇಜಿಗೆ ತಂದು ಇಳಿಸಿದ. "ಈರಣ್ಣ, ಜರ್ಮನಿಯ ಕೋಡು ಸರಿಯಾಗಿ ನೋಡಿ ಆಯ್ತಾ, ಹಲ್ಲು ಎಣಿಸಿ," ಅಂತ ಕೂಗಿ ತನ್ನ ಕ್ಲಾಸಿಗೆ ಹೋದ. ಕೋಣೆಯಲ್ಲಿ ಇಪ್ಪತ್ತು ಮಂದಿ ಹುಡುಗ ಹುಡುಗಿಯರು, ಎದುರಿಗೆ ದೇಶದ ಹೆಸರಿನ ಕಾರ್ಡು. ಹಿಂದಿನ ಸಾಲಿನಲ್ಲಿ ಪ್ರೊಫೆಸರಮ್ಮ, ಬಿಳಿ ಕೂದಲು, ಕೈಯಲ್ಲಿ ನೋಟ್‌ಪ್ಯಾಡು. ನಾನು ಹಿಂದಿನ ಮೇಜಿನ ಮೇಲೆ ಟ್ರೇ ಇಟ್ಟು ಗೋಡೆಗೆ ಒರಗಿದೆ. ಟವೆಲ್ ಶ್ರೇಯಕ್ಕನ ಕೈಗೆ ಕೊಟ್ಟಿದ್ದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಅಲ್ಲೇ ತಪ್ಪಿದ್ದು.

ಶ್ರೇಯಕ್ಕ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಇಡೀ ಕೈ ಅಂದರೆ ಈಗಿನ ವರ್ಷದ ಕಂತು, ಒಂದು ಬೆರಳು ಅಂದರೆ ಅದರ ಐದನೇ ಒಂದು ಪಾಲು. ಆಮೇಲೆ ಫ್ರಾನ್ಸ್ ಹುಡುಗಿಯನ್ನೂ ಜರ್ಮನಿ ಹುಡುಗನನ್ನೂ ಎದುರು ಬದುರು ಕೂರಿಸಿ ಅವರ ಕೈಗಳ ಮೇಲೆ ಟವೆಲ್ ಹಾಕಿದಳು. ಹುಡುಗಿ ಮೂಗು ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ಇಬ್ಬರೂ ಕೈ ಹಿಡಿದದ್ದು ನೋಡಿ ಯಾರೋ ಮದುವೆಯ ಹಾಡು ಹೇಳಿದರು. ಹುಡುಗ ಕೆಂಪಗಾದ. ಹುಡುಗಿ ಗಟ್ಟಿ ಪಿಂಡ, ನಗುವವರ ಮೇಲಿನ ಸಿಟ್ಟನ್ನೆಲ್ಲ ಅವನ ಐದೂ ಬೆರಳಿನ ಮೇಲೆ ಹಾಕಿ ಹಿಂಡಿದಳು.

"ಐದಾ!" ಅಂತ ಅವನು ಕಿರುಚಿ ಕೈ ಎಳೆದುಕೊಂಡ. "ಇನ್ನೂ ಐದೇ ಕೇಳ್ತಿದಾಳೆ!" ಅಷ್ಟು ಇಂಗ್ಲಿಷು ನನಗೂ ತಿಳಿಯಿತು.

ಗುಟ್ಟು ಬಯಲಾದ ಮೇಲೆ ಟವೆಲ್ ಬರೀ ಬಟ್ಟೆ. ಬೆಲ್ಜಿಯಂ ಮೇಜು ಗುದ್ದಿತು. ಇಂಗ್ಲೆಂಡ್ ಎದ್ದು ನಿಂತಿತು. ಪ್ರೊಫೆಸರಮ್ಮ ಗಡಿಯಾರ ನೋಡಿ ಏನೋ ಬರೆದುಕೊಂಡರು. ಶ್ರೇಯಕ್ಕ ಎಲ್ಲರಿಗೂ ಕೂತುಕೊಳ್ಳಿ ಕೂತುಕೊಳ್ಳಿ ಅನ್ನುತ್ತಿದ್ದಳು. ಯಾರೂ ಕೂರಲಿಲ್ಲ.

ಆಗ ನನಗೆ ಅಪ್ಪ ಕಂಡ. ಅಪ್ಪ ಜೀವಮಾನದಲ್ಲಿ ಒಮ್ಮೆಯೂ ರೇಟು ಕುದುರುವ ಮೊದಲು ಕೊಳ್ಳುವವನ ಕೈಯನ್ನು ಮಾರುವವನ ಕೈಗೆ ತಾಗಿಸಿದವನಲ್ಲ. ಮೊದಲು ಇವನ ಕೈ ತಾನು ಹಿಡಿಯುತ್ತಿದ್ದ, ಆಮೇಲೆ ಅವನದು. ನಡುವೆ ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಸಿಟ್ಟು ಆ ನಾಲ್ಕು ಹೆಜ್ಜೆಯಲ್ಲಿ ಉದುರಿ ಹೋಗುತ್ತಿತ್ತು. ನಾನು ಟವೆಲ್ ಕೊಟ್ಟು ದಲ್ಲಾಳಿಯನ್ನೇ ಮರೆತಿದ್ದೆ.

ಕೈ ಒರೆಸಿಕೊಂಡು ಮುಂದೆ ಹೋದೆ. "ಅಕ್ಕಾರ, ತಪ್ಪು ನಂದು. ಇಬ್ರನೂ ದೂರ ಕುಂದ್ರಸ್ರಿ. ನಾ ನಡುವ ಅಡ್ಡಾಡ್ತೀನಿ."

"ಈರಣ್ಣ, ಟೈಮಿಲ್ಲ," ಅಂದಳು ಮೆಲ್ಲಗೆ.

"ಎತ್ತಿನ ವ್ಯಾಪಾರಕ್ಕ ಎಷ್ಟ್ ಹೊತ್ರಿ? ಚಾ ಆರೂದ್ರಾಗ ಮುಗೀತೈತಿ."

ಅವಳು ಹುಡುಗರ ಕಡೆ ತಿರುಗಿ ಏನೋ ಹೇಳಿದಳು. ನನ್ನ ಅಪ್ಪನ ಕಸುಬು ಹೇಳಿರಬೇಕು, ಎದ್ದವರೆಲ್ಲ ಕೂತು ನನ್ನ ಕಡೆ ತಿರುಗಿದರು. ಜರ್ಮನಿಯನ್ನು ಕಿಟಕಿ ಪಕ್ಕ, ಫ್ರಾನ್ಸನ್ನು ಬಾಗಿಲ ಪಕ್ಕ ಕೂರಿಸಿದೆವು. ನಾನು ಮೊದಲು ಜರ್ಮನಿಯ ಹತ್ತಿರ ಹೋದೆ. ಸೋತವನನ್ನು ಮೊದಲು ಮಾತಾಡಿಸಬೇಕು, ಅದು ಅಪ್ಪನ ರೂಢಿ. ಟವೆಲ್ ಹಾಕಿ ಕೈ ಕೊಟ್ಟೆ. ಮುಖ ನೋಡಲಿಲ್ಲ, ಗೋಡೆಯ ಮೇಲಿನ ಭೂಪಟ ನೋಡಿದೆ. ಹುಡುಗ ಎರಡು ಬೆರಳು ಹಿಡಿದ. ನಾನು ತಲೆ ಅಲ್ಲಾಡಿಸಿ ಸುಮ್ಮನೆ ನಿಂತೆ. ಬೈಯಲಿಲ್ಲ, ನಗಲಿಲ್ಲ. ಬಹಳ ಹೊತ್ತಾದ ಮೇಲೆ ಮೂರನೆಯದು ಹಿಡಿದ.

ನಡೆದು ಫ್ರಾನ್ಸ್ ಹತ್ತಿರ ಹೋದೆ. ಅವಳು ಹಿಡಿದದ್ದು ಐದು. ಹಿಂಡಲಿಲ್ಲ ಈ ಸಲ. ಅಡಿಗೆಯವನ ಕೈ, ಸುಟ್ಟ ಕಲೆ ಇರುವ ಕೈ, ಹಿಂಡೋಕೆ ಮನಸ್ಸಾಗಲಿಲ್ಲವೇನೋ. ನಾನು ಹೆಬ್ಬೆರಳು ಬಿಡಿಸಿಕೊಂಡೆ. ಅವಳು ಬಿಟ್ಟಳು. ನಾಲ್ಕು.

ಮೂರಕ್ಕೂ ನಾಲ್ಕಕ್ಕೂ ನಡುವೆ ನಾನು ಆರು ಸಲ ನಡೆದೆ. ಇಪ್ಪತ್ತು ತಲೆ ನನ್ನ ಜೊತೆ ಆ ಕಡೆ ಈ ಕಡೆ ತಿರುಗುತ್ತಿದ್ದವು. ಅವಳು ಇಳಿಯಲಿಲ್ಲ, ಅವನು ಏರಲಿಲ್ಲ. ಹುಡುಗನ ಕೈ ಬೆವರುತ್ತಿತ್ತು. ಕೊಡಬಾರದು ಅಂತ ಇರುವವನ ಕೈ ಬೆವರುವುದಿಲ್ಲ. ಅವನಿಗೆ ಬೇರೇನೋ ಬೇಕಿತ್ತು.

"ಅಕ್ಕಾರ, ಇವಗ ರೊಕ್ಕದ್ದಲ್ಲ ಕೊರಗು. ಏನ್ ಬೇಕು ಕೇಳ್ರಿ."

ಶ್ರೇಯಕ್ಕ ಬಗ್ಗಿ ಅವನ ಕಿವಿಯಲ್ಲಿ ಕೇಳಿದಳು. ಅವನು ಅವಳ ಕಿವಿಯಲ್ಲಿ ಹೇಳಿದ. ಅವಳು ನನಗೆ ಕನ್ನಡದಲ್ಲಿ ಹೇಳಿದಳು.

"ಗೆದ್ದೋರ ಸೈನ್ಯ ಇನ್ನೂ ನಮ್ಮ ನದಿ ದಂಡೆ ಮೇಲೆ ಕೂತಿದೆ. ನಮ್ಮ ಖಜಾನೆ ಮೇಲೆ ಅವರ ಮೇಸ್ತ್ರಿ ಇದಾನೆ. ಅವರು ಅಲ್ಲೇ ಇರೋವರೆಗೂ ನಾಲ್ಕು ಅಂತ ಹೇಳಿ ಊರಿಗೆ ಹೆಂಗೆ ಹೋಗ್ಲಿ, ಅಂತಾನೆ."

ನನಗೆ ಅದು ಕೂಡಲೇ ತಿಳಿಯಿತು. ನಮ್ಮಲ್ಲಿ ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ. ಎತ್ತು ಹೋಗಲಿ, ಹಗ್ಗ ಮನೆಗೆ ಬರಬೇಕು. ಕೊಂಡವನು ಹೊಸ ಹಗ್ಗ ತಂದು ಹೊಡೆದುಕೊಂಡು ಹೋಗುತ್ತಾನೆ. ಹಗ್ಗವನ್ನೂ ಕೊಡು ಅಂತ ಹಟ ಹಿಡಿದವನಿಗೆ ಅಪ್ಪ ವ್ಯಾಪಾರವನ್ನೇ ಮುರಿದು ಕಳಿಸುತ್ತಿದ್ದ.

"ಫ್ರಾನ್ಸಿಗೆ ಹೇಳ್ರಿ," ಅಂದೆ. "ಎತ್ತು ನಿಂದು. ಹಗ್ಗ ಅವಂದು. ಹಗ್ಗ ಬಿಡು, ನಾಲ್ಕು ತಗೋ."

ಅದನ್ನು ಅವಳು ಇಂಗ್ಲಿಷಿನಲ್ಲಿ ಹೆಂಗೆ ಹೇಳಿದಳೋ ಗೊತ್ತಿಲ್ಲ. ಫ್ರಾನ್ಸ್ ಹುಡುಗಿ ಬೆಲ್ಜಿಯಂ ಕಡೆ ನೋಡಿದಳು, ಇಂಗ್ಲೆಂಡ್ ಕಡೆ ನೋಡಿದಳು. ಆಮೇಲೆ ತಾನೇ ಎದ್ದು ಬಂದು ಟವೆಲ್ ಎತ್ತಿ ನನ್ನ ಕೈ ಮೇಲೆ ಹಾಕಿ ನಾಲ್ಕು ಬೆರಳು ಹಿಡಿದಳು. ಜರ್ಮನಿಯ ಹತ್ತಿರ ಹೋದೆ. ಅವನೂ ನಾಲ್ಕು ಹಿಡಿದ. ಆಗ ಮಾತ್ರ ಇಬ್ಬರ ಕೈ ಸೇರಿಸಿ, ಟವೆಲ್ ತೆಗೆದು ಎಲ್ಲರಿಗೂ ತೋರಿಸಿದೆ.

ಅಂಥ ಗದ್ದಲ ನಾನು ಸಂತೆಯಲ್ಲೂ ಕೇಳಿಲ್ಲ. ಕಂತು ನಾಲ್ಕು ಪಾಲು, ಸೈನ್ಯ ವಾಪಸ್ ಅಂತ ಕಾಗದ ಬರೆದರು, ಸಹಿ ಹಾಕಿದರು. ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷ ಬಾಕಿ. ಹತ್ತೇ ನಿಮಿಷದಲ್ಲಿ ಎರಡೂ ಟ್ರೇ ಖಾಲಿ. ಪ್ರೊಫೆಸರಮ್ಮ ನನ್ನ ಹತ್ತಿರ ಬಂದು ಟವೆಲ್ಲಿನ ಅಂಚು ಮುಟ್ಟಿ ನೋಡಿದರು. ಶ್ರೇಯಕ್ಕನ ಕಡೆ ತಿರುಗಿ ಎರಡು ಮಾತು ಹೇಳಿ ಹೋದರು.

"ಏನಂದ್ರು?"

"ಮುಂದಿನ ವರ್ಷ ಎರಡು ಸೆಕ್ಷನ್ ತಗೋ ಅಂದ್ರು." ಅವಳು ನಗುವುದು ಬಿಟ್ಟು ಮೂಗು ಒರೆಸಿಕೊಂಡಳು. ಅದೂ ನನ್ನ ಟವೆಲ್ಲಿಗೇ.

ಆಮೇಲೆ ನಾವು ಹೊರಗೆ ಹುಲ್ಲಿನ ಮೇಲೆ ಕೂತೆವು. ಬೆಟ್ಟದ ತುದಿಯಲ್ಲಿ ಇನ್ನೂ ಚೂರು ಹಿಮ ಉಳಿದಿತ್ತು. ನಿಖಿಲನೂ ಬಂದ. ಅವನಿಗೆ ಅಂತ ಒಂದು ಡಬ್ಬಿ ಚಿತ್ರಾನ್ನ ತೆಗೆದಿಟ್ಟಿದ್ದೆ.

"ಖರೇ ಪ್ಯಾರಿಸ್‌ನ್ಯಾಗ ಏನಾತ್ರಿ?" ಅಂತ ಕೇಳಿದೆ.

"ಅಲ್ಲೂ ಹತ್ರ ಹತ್ರ ಒಂದು ಬೆರಳೇ ಇಳಿದಿದ್ದು. ಸೈನ್ಯನೂ ವಾಪಸ್ ಹೋಯ್ತು. ಆದ್ರೆ ತುಂಬಾ ವರ್ಷ ಕಟ್ಟೋ ಕಂತು ಅದು, ಈರಣ್ಣ. ಅಷ್ಟರಲ್ಲಿ ಎಲ್ಲಾ ದೇಶದ ವ್ಯಾಪಾರ ಮುಳುಗ್ತು. ಮೂರೇ ವರ್ಷಕ್ಕೆ ಲೋಸಾನ್ ಅಂತ ಒಂದೂರಲ್ಲಿ ಮತ್ತೆ ಸೇರಿ, ಸಾಕು ಬಿಡಿ ಅಂತ ಹೆಚ್ಚೂಕಮ್ಮಿ ಎಲ್ಲಾ ಕೈಬಿಟ್ರು. ಅಷ್ಟೊತ್ತಿಗೆ ಜರ್ಮನಿಯೊಳಗೆ ಸಿಟ್ಟು ಬೆಳೆದು ಹೋಗಿತ್ತು. ಮುಂದಿಂದು ಗೊತ್ತಲ್ಲ, ಇನ್ನೊಂದು ಯುದ್ಧ."

"ಹಗ್ಗ ತಡಾ ಮಾಡಿ ಬಿಟ್ರು," ಅಂದೆ.

ಅವಳು ಅದನ್ನೂ ಬರೆದುಕೊಂಡಳು. ಆಮೇಲೆ ನೆನಪಾದವಳ ಹಾಗೆ, "ಆ ಕಂತು ಕಟ್ಟೋಕೆ ತಂದ ಸಾಲದ ಬಡ್ಡಿ ಕೊನೇ ಚೂರು ಜರ್ಮನಿ ತೀರಿಸಿದ್ದು ಯಾವಾಗ ಗೊತ್ತಾ? ೨೦೧೦ರಲ್ಲಿ," ಅಂದಳು.

೨೦೧೦. ನಾನು ಶಾಲೆ ಬಿಟ್ಟು ಅಪ್ಪನ ಹಿಂದೆ ಸಂತೆಗೆ ಹೋದ ವರ್ಷ. ಅಲ್ಲಿ ಯಾರೋ ನೂರು ವರ್ಷದ ಹಿಂದಿನ ಯುದ್ಧದ ಬಾಕಿ ಕಟ್ಟುತ್ತಿದ್ದಾಗ ನಾನು ಎತ್ತಿನ ಹಲ್ಲು ಎಣಿಸುವುದು ಕಲಿಯುತ್ತಿದ್ದೆ. ಎರಡೂ ಒಂದು ದಿನ ಒಂದೇ ಕೋಣೆಗೆ ಬರುತ್ತವೆ ಅಂತ ಯಾರಿಗೆ ಗೊತ್ತಿತ್ತು. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ, ಎರಡು ದೇಶದ ವ್ಯಾಪಾರ ಮುಗಿಸಿದೆ ಅಂದೆ. "ಕಮಿಷನ್ ಇಸ್ಗೊಂಡ್ಯಾ?" ಅಂತ ಕೇಳಿದ. ಇಲ್ಲ ಅಂದೆ. "ಹಂಗಾರ ನೀ ಇನ್ನೂ ಕಲ್ತಿಲ್ಲ ಬಿಡು," ಅಂತ ನಕ್ಕ.

ಈಗ ನಾನು ಸ್ಯಾನ್ ಡಿಯಾಗೋದಲ್ಲಿದ್ದೇನೆ. ಮಂಗಳವಾರದಿಂದ ಶುಕ್ರವಾರದವರೆಗೆ ಹೋಟೆಲು, ಶನಿವಾರ ಭಾನುವಾರ ಮನೆ ಮನೆ ಅಡಿಗೆ, ಸೋಮವಾರ ರಜೆ. ಕೈ ತುಂಬ ಕೆಲಸ. ಬಿಡುವಾದರೆ ಡೆಲ್ ಮಾರ್ ಕಡೆ ಹೋಗಿ ಸಮುದ್ರದ ಎದುರು ಸುಮ್ಮನೆ ಕೂತು ಬರುತ್ತೇನೆ. ನಿಖಿಲ್ ಉತ್ತರದ ಕಡೆ ಕೆಲಸ ಹಿಡಿದ. ಶ್ರೇಯಕ್ಕ ಓದು ಮುಗಿಸಿ ಇಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಮೊನ್ನೆ ಶನಿವಾರ ಆ ಗೃಹಪ್ರವೇಶದ ಪಾತ್ರೆ ತೊಳೆಯುವ ಹೊತ್ತಿಗೆ ಅವಳದೇ ಫೋನು.

"ಈರಣ್ಣ, ಮುಂದಿನ ಸೋಮವಾರ ಜರ್ಮನಿ. ಈ ಸಲ ಫ್ರಾನ್ಸ್ ಹುಡುಗ ಭಾರೀ ಜಿಗುಟು."

"ಬರ್ತೀನ್ರಿ. ಎಷ್ಟ್ ಮಂದಿಗೆ ಚಿತ್ರಾನ್ನ?"

"ಮೂವತ್ತು. ಅಲ್ಲ ಕಣೋ, ಪ್ರತೀ ಸಲ ನಿನ್ನ ರಜಾ ದಿನ ಹಾಳು ಮಾಡ್ತೀನಿ. ಆ ಟವೆಲ್ ನನಗೇ ಕೊಟ್ಬಿಡು. ನಡುವೆ ಓಡಾಡೋದು ನನಗೂ ಬಂತು ಈಗ."

ನಾನು ಟವೆಲ್ ಹಿಂಡಿ, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡೆ.

"ಎತ್ತು ಒಯ್ರಿ ಅಕ್ಕಾರ," ಅಂದೆ. "ಹಗ್ಗ ಕೊಡಂಗಿಲ್ಲ."